ಎಐ ಬರೆದ ಪೋಸ್ಟಿಗೆ ಮಾಲೀಕರು ಓದದೇ "ಓಕೆ" ಅಂತಾರೆ, ನೀವು ಹೇಗೆ ನಿಭಾಯಿಸುತ್ತೀರಿ?

ಉಣಕಲ್ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಏಳು ಸಣ್ಣ ಅಂಗಡಿಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪೇಜ್ ನೋಡಿಕೊಳ್ಳುತ್ತೇನೆ. ಸೀರೆ ಅಂಗಡಿ, ಖಾನಾವಳಿ, ಪಾತ್ರೆ ಅಂಗಡಿ ಹೀಗೆ. ಮೊದಲು ಎಲ್ಲಾ ನಾನೇ ಕೂತು ಬರೆಯುತ್ತಿದ್ದೆ. ಒಂದೂವರೆ ವರ್ಷದಿಂದ ಚಾಟ್‌ಜಿಪಿಟಿ, ಜೆಮಿನಿಯಿಂದ ಡ್ರಾಫ್ಟ್ ಮಾಡಿಸುತ್ತೇನೆ. ನಾನು ಒಮ್ಮೆ ತಿದ್ದಿ ಮಾಲೀಕರಿಗೆ ವಾಟ್ಸಾಪ್ ಮಾಡುತ್ತೇನೆ. ಅವರು "ಓಕೆ" ಅಂದ ಮೇಲೆಯೇ ಪೇಜಿಗೆ ಹಾಕುವುದು.

ಹೋದ ತಿಂಗಳು ಸೀರೆ ಅಂಗಡಿಗೆ ಕಸೂತಿ ಬಗ್ಗೆ ಒಂದು ಪೋಸ್ಟ್ ಮಾಡಿದೆ. ಅದರಲ್ಲಿ ಎಐ ಹೀಗೆ ಬರೆದಿತ್ತು: "ಸೀರೆಯ ಹಿಂಬದಿಯಲ್ಲಿ ಕಾಣುವ ಪುಟ್ಟ ಗಂಟುಗಳೇ ಅಪ್ಪಟ ಕೈ ಕಸೂತಿಯ ಗುರುತು." ಓದಲು ಚೆನ್ನಾಗಿತ್ತು. ನನಗೂ ಅನುಮಾನ ಬರಲಿಲ್ಲ. ಮಾಲೀಕರು ಯಾವುದೋ ಮದುವೆಯಲ್ಲಿದ್ದರು, ಅಲ್ಲಿಂದಲೇ ಹೆಬ್ಬೆರಳು ಒತ್ತಿದರು. ಬೆಳಗ್ಗೆ ಹತ್ತಕ್ಕೆ ಪೋಸ್ಟ್ ಹೋಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಗೆ ಕಸೂತಿ ಹಾಕಿಕೊಡುವ ಒಬ್ಬ ಅವ್ವಾರು ಫೋನ್ ಮಾಡಿದರು. "ಹಿಂದ ಗಂಟು ಇದ್ದರ ಅದಕ್ಕ ಕಸೂತಿ ಅಂತಾರೇನ್ರೀ? ನಾವು ಮೂವತ್ತು ವರ್ಷ ಕಣ್ಣು ಕಳಕೊಂಡು ಕಲಿತದ್ದು ಗಂಟು ಬರದಂಗ ಹಾಕೋದನ್ನ." ನನಗೆ ಮಾತೇ ಬರಲಿಲ್ಲ. ಪೋಸ್ಟ್ ತೆಗೆದೆ. ಆದರೆ ಅಷ್ಟರಲ್ಲಿ ಜನ ಅದನ್ನು ಶೇರ್ ಮಾಡಿದ್ದರು.

ಮಾಲೀಕರು "ನೀನು ನೋಡಿರ್ತೀ ಅಂತ ನಾ ಓಕೆ ಅಂದೆ" ಅಂದರು. ಅವರು ಓದಿರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅಂದರೆ ಇಬ್ಬರು ಇದ್ದೂ ಒಬ್ಬರೂ ನೋಡಿಲ್ಲ. ಈ ಕೆಲಸ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ. ನೀವು ಒಪ್ಪಿಗೆ ಹೇಗೆ ಪಡೆಯುತ್ತೀರಿ? ಅದು ನಿಜವಾದ ಒಪ್ಪಿಗೆ ಆಗಬೇಕಾದರೆ ಏನು ಮಾಡಬೇಕು?

ವಿದ್ಯಾನಗರ ಹುಡುಗ

ಎಐ ಬಿಟ್ಟು ನೀವೇ ಬರೆಯಿರಿ. ಮುಗೀತು.

ಉಣಕಲ್ ದಂಡೆ

ಏಳು ಪೇಜ್, ವಾರಕ್ಕೆ ನಾಲ್ಕು ಪೋಸ್ಟ್. ಅಂದರೆ 28. ಒಂದು ಅಂಗಡಿ ತಿಂಗಳಿಗೆ ಕೊಡುವುದು ನಾಲ್ಕೈದು ಸಾವಿರ. ಎಲ್ಲವನ್ನೂ ಕೈಯಿಂದ ಬರೆದರೆ ಮೂರು ಅಂಗಡಿ ಬಿಡಬೇಕಾಗುತ್ತದೆ.

ಕಸೂತಿ ಕೈ

ಆ ಅವ್ವಾರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಧಾರವಾಡದಲ್ಲಿ ಕಸೂತಿ ಹೇಳಿಕೊಡುತ್ತೇನೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ದಾರಿಯಲ್ಲಿ ಎಳೆ ಎಣಿಸುತ್ತಾ ಹೋಗುತ್ತದೆ, ನಡುವೆ ಖಾಲಿ ಜಾಗ ಬಿಡುತ್ತಾ. ವಾಪಸ್ ಬರುವಾಗ ಆ ಖಾಲಿ ಜಾಗ ತುಂಬುತ್ತಾ ಹೊರಟಲ್ಲಿಗೇ ಬಂದು ಸೇರುತ್ತದೆ. ಅದಕ್ಕೇ ಎರಡೂ ಬದಿ ಒಂದೇ ತರ ಕಾಣುವುದು. ಮುರಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ದಾರ ಶುರುವಾಗುವಾಗಲೂ ಮುಗಿಯುವಾಗಲೂ ಗಂಟು ಹಾಕುವಂತಿಲ್ಲ. ತುದಿಯನ್ನು ಹೊಲಿಗೆಯ ಒಳಗೇ ಸೇರಿಸುತ್ತೇವೆ. ಹೊಸದಾಗಿ ಕಲಿಯಲು ಬಂದವರ ಬಟ್ಟೆಯನ್ನು ನಾನು ಮೊದಲು ತಿರುಗಿಸಿ ನೋಡುತ್ತೇನೆ.

ಗವಂತಿ ಅನ್ನುವ ಹೆಸರು ಗಂಟು ಅನ್ನುವ ಪದದಿಂದಲೇ ಬಂತು ಅಂತ ಕೆಲವರು ಹೇಳುತ್ತಾರೆ. ಎಐ ಅದನ್ನೇ ಗಂಟು ಅಂತ ಹಿಡಿಯಿತೋ ಏನೋ. ಹೇಗೇ ಆಗಿರಲಿ, ಅಂಗಡಿಯವರು ಆ ಮಾತು ನಂಬಿ ಗಂಟು ಇರುವ ಸೀರೆಯನ್ನೇ ಒಳ್ಳೆಯದು ಅಂತ ಮಾರಿದರೆ ನಮ್ಮ ಕೈಗೆ ಬೆಲೆ ಎಲ್ಲಿ ಉಳಿಯುತ್ತದೆ?

ಬ್ಯಾಡಗಿ ಡಬ್ಬಿ

ನಮ್ಮದೂ ಇದೇ ಕತೆ. ಮೆಣಸಿನಕಾಯಿ ಪುಡಿ ಮಾಡಿ ಆನ್‌ಲೈನ್ ಮಾರುತ್ತೇವೆ. ಎಐಗೆ ಪೋಸ್ಟ್ ಬರಿ ಅಂದರೆ ಪ್ರತಿ ಸಲ "ಬೆಂಕಿಯಂಥ ಖಾರ", "ಕಣ್ಣಲ್ಲಿ ನೀರು ತರಿಸುವ ಖಾರ" ಅಂತಲೇ ಬರೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿದ್ದೇ ಬಣ್ಣಕ್ಕೆ, ಖಾರಕ್ಕಲ್ಲ! ಅದರಲ್ಲೂ ಡಬ್ಬಿ ಅಂದರೆ ಗಿಡ್ಡ, ದಪ್ಪ, ಕೆಂಪು ಬಣ್ಣ ಜಾಸ್ತಿ, ಖಾರ ಬಹಳ ಕಡಿಮೆ. 2011ರಲ್ಲಿ ಜಿಐ ಟ್ಯಾಗ್ (ಇಂಥ ಊರಿನ ಮಾಲು ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ, ಅಷ್ಟು ಗುರುತು ಇರುವ ಮಾಲಿನ ಬಗ್ಗೆಯೂ ತಪ್ಪು ಬರೆಯುತ್ತದೆ.

ನಮ್ಮ ಅಣ್ಣ ಒಮ್ಮೆ ಹಾಗೇ ಬಿಟ್ಟ. ಖಾರ ಬೇಕು ಅಂತ ತರಿಸಿಕೊಂಡ ಮೂರು ಜನ ಪಾರ್ಸೆಲ್ ವಾಪಸ್ ಕಳಿಸಿದರು. ಕೊರಿಯರ್ ಖರ್ಚು ನಮ್ಮ ತಲೆ ಮೇಲೆ.

ಹಾವೇರಿ ಮೇಷ್ಟ್ರು

ಕಾರಣ ಸರಳ. ಮೆಣಸಿನಕಾಯಿ ಅಂದ ಕೂಡಲೇ ಜಗತ್ತಿನಲ್ಲಿ ಜಾಸ್ತಿ ಜನ ಬರೆದಿರುವುದು ಖಾರದ ಬಗ್ಗೆ. ಅದು ಓದಿಕೊಂಡದ್ದೂ ಅದನ್ನೇ. ಒಂದು ಪದದ ಹಿಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚೋ ಅದನ್ನು ಜೋಡಿಸುತ್ತಾ ಹೋಗುತ್ತದೆ. ಬ್ಯಾಡಗಿ ಸಂತೆಯಲ್ಲಿ ನಿಂತು ಕಾಯಿ ಮುರಿದು ಮೂಸಿ ನೋಡಿದವರು ಕನ್ನಡದಲ್ಲಿ ಎಷ್ಟು ಜನ ಬರೆದಿದ್ದಾರೆ ಹೇಳಿ?

ಕೋಡ್ ಕಲಘಟಗಿ

ಇದು ಟೆಕ್ನಿಕಲ್ ಸಮಸ್ಯೆ, ಸುಲಭ ದಾರಿ ಇದೆ. ನಾನು ಮಾಡಿಕೊಂಡಿರುವುದು ಹೀಗೆ. ಒಂದು ಗೂಗಲ್ ಶೀಟ್. ಮಾಲೀಕರ ಮಾಹಿತಿ ಒಂದು ಕಾಲಮ್ಮಿನಲ್ಲಿ, ಎಐ ಡ್ರಾಫ್ಟ್ ಪಕ್ಕದಲ್ಲಿ, ಆಮೇಲೆ "ಸರಿ / ತಪ್ಪು". ಎನ್‌ಏಟ್‌ಎನ್ ಅನ್ನುವ ಟೂಲ್ ಆ ಡ್ರಾಫ್ಟನ್ನು ಟೆಲಿಗ್ರಾಮಿಗೆ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಮಾಲೀಕರು ಬಟನ್ ಒತ್ತಿದರೆ ತಾನೇ ಪೋಸ್ಟ್ ಆಗುತ್ತದೆ. ಎರಡು ಗಂಟೆಯಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ ಅಂತ ಇಟ್ಟಿದ್ದೇನೆ.

ಕಸೂತಿ ಕೈ

ಉತ್ತರ ಬರದಿದ್ದರೆ ಒಪ್ಪಿದಂತೆಯಾ? ಅದು ಹೇಗೆ ಒಪ್ಪಿಗೆ ಆಗುತ್ತದೆ ಸರ್?

ಬ್ಯಾಡಗಿ ಡಬ್ಬಿ

ಇದನ್ನು ನಾನೂ ಒಪ್ಪುವುದಿಲ್ಲ. ಸಂತೆ ದಿನ ನಮ್ಮ ಅಣ್ಣ ಬೆಳಗ್ಗೆಯಿಂದ ಸಂಜೆವರೆಗೆ ಫೋನ್ ಮುಟ್ಟುವುದಿಲ್ಲ. ಆ ದಿನ ಏನು ಬೇಕಾದರೂ ಹೋಗಬಹುದು ಅಂತಾಯಿತು.

ಕೋಡ್ ಕಲಘಟಗಿ

ಉತ್ತರಕ್ಕೆ ಕಾಯುತ್ತಾ ಕೂತರೆ ಹಬ್ಬ ಮುಗಿದ ಮೇಲೆ ಹಬ್ಬದ ಆಫರ್ ಹೋಗುತ್ತದೆ. ಮಾಲೀಕರೇ ಆಮೇಲೆ ನನಗೆ ಬೈಯುತ್ತಾರೆ.

ಸಾಧನಕೇರಿ

ಹೋಗದಿದ್ದರೆ ಒಂದು ದಿನದ ವ್ಯಾಪಾರ ಕಡಿಮೆ ಆಗಬಹುದು. ತಪ್ಪು ಹೋದರೆ ಏನಾಗುತ್ತದೆ ಅಂತ ಮೇಲೆ ಓದಿದಿರಲ್ಲ. ನಾನು ಇಪ್ಪತ್ತು ವರ್ಷ ಪ್ರೂಫ್ ನೋಡಿದವನು. ಪ್ರೆಸ್ಸಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪ್ರೂಫ್ ಹಾಳೆಯ ಮೇಲೆ ಸಹಿ ಬೀಳದೆ ಮಷಿನ್ ತಿರುಗುತ್ತಿರಲಿಲ್ಲ. ಸುಮ್ಮನಿದ್ದವರ ಸಹಿ ಅಂತ ಒಂದು ಇರಲೇ ಇಲ್ಲ.

ಮಳೆ ನೆಲಮಹಡಿ

ಹಬ್ಬದ ಆಫರ್ ಅಂದಿರಿ, ಒಂದು ನೆನಪಾಯಿತು. ಒಪ್ಪಿಗೆ ಸಿಕ್ಕರೂ ಅದು ಹಳಸುತ್ತದೆ. ನಮ್ಮ ತಿಂಡಿ ಅಂಗಡಿಗೆ ಸೋಮವಾರ ಒಂದು ಪೋಸ್ಟ್ ಒಪ್ಪಿ ಗುರುವಾರ ಸಂಜೆಗೆ ಶೆಡ್ಯೂಲ್ ಮಾಡಿದ್ದೆವು. "ಸುರಿಯಲಿ ಮಳೆ, ಜೊತೆಗಿರಲಿ ಬಿಸಿ ಮಿರ್ಚಿ, ಗಿರ್ಮಿಟ್." ಗುರುವಾರ ಎಂಥ ಮಳೆ ಬಂತೆಂದರೆ, ನಮ್ಮ ಓಣಿಯ ಕೆಳಗಿನ ಮನೆಗಳಿಗೆಲ್ಲ ನೀರು ನುಗ್ಗಿತು. ಜನ ಗೋಧಿ ಚೀಲ, ಮಕ್ಕಳ ಪುಸ್ತಕ ಹೊತ್ತು ಮೇಲೆ ಸಾಗಿಸುತ್ತಿದ್ದಾರೆ. ಅದೇ ಹೊತ್ತಿಗೆ ನಮ್ಮ ಪೇಜಿನಲ್ಲಿ ಆ ಪೋಸ್ಟ್ ಬಂತು. ನಮ್ಮ ಪಕ್ಕದ ಮನೆಯ ಅಜ್ಜಿಯೇ ಬಂದು "ಇದೇನಪಾ ಇದು" ಅಂತ ಫೋನ್ ತೋರಿಸಿದರು. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ.

ಈಗ ನಾವು ಶೆಡ್ಯೂಲ್ ಮಾಡಿದರೂ ಹೋಗುವ ಅರ್ಧ ಗಂಟೆ ಮೊದಲು ಮತ್ತೊಮ್ಮೆ ನೋಡುತ್ತೇವೆ. ಫೋನಿನಲ್ಲಿ ಅಲಾರಾಂ ಇಟ್ಟಿದ್ದೇನೆ.

ವಿದ್ಯಾನಗರ ಹುಡುಗ

ಗಿರ್ಮಿಟ್ ಮಾತು ಬಂತು ನೋಡಿ, ದುರ್ಗದಬೈಲಿನಲ್ಲಿ ಈಗ ಒಳ್ಳೆ ಗಿರ್ಮಿಟ್ ಯಾವ ಗಾಡಿಯಲ್ಲಿ ಸಿಗುತ್ತದೆ?

ಬೆಟಗೇರಿ ಮಗ್ಗ

ದುರ್ಗದಬೈಲಿಗೆ ಯಾಕೆ, ಗದಗಿಗೆ ಬನ್ನಿ. ಮಿರ್ಚಿ ಬದನೆಕಾಯಿ ಬಜಿ ನಮ್ಮಲ್ಲಿ ತಿಂದ ಮೇಲೆ ಬೇರೆ ಕಡೆ ರುಚಿ ಹತ್ತುವುದಿಲ್ಲ.

ಹಳೇ ಹುಬ್ಬಳ್ಳಿ

ಅದನ್ನು ಬೇರೆ ಚರ್ಚೆಯಲ್ಲಿ ಮಾತಾಡೋಣ, ಹೊಟ್ಟೆ ಹಸಿಯುತ್ತದೆ. ವಿಷಯಕ್ಕೆ ಬರುತ್ತೇನೆ. ಚಿತ್ರಗಳನ್ನೂ ನೋಡಬೇಕು. ಆಗಸ್ಟ್ 15ಕ್ಕೆ ನಮ್ಮ ಓಣಿಯ ಯುವಕ ಮಂಡಳದ ಪೇಜಿಗೆ ಎಐ ಚಿತ್ರ ಮಾಡಿಸಿದ್ದರು. ಶಾಲೆ ಮಕ್ಕಳು ಧ್ವಜ ಹಿಡಿದು ನಿಂತಿರುವ ಚಿತ್ರ. ಬಹಳ ಚಂದ ಇತ್ತು. ಹತ್ತು ಜನ ಗ್ರೂಪಿನಲ್ಲಿ ಚಪ್ಪಾಳೆ ಹೊಡೆದರು. ನಾನು ದೊಡ್ಡದು ಮಾಡಿ ಚಕ್ರದ ಗೆರೆ ಎಣಿಸಿದೆ. 21 ಇದ್ದವು! ಅಶೋಕ ಚಕ್ರಕ್ಕೆ ಇರಬೇಕಾದದ್ದು 24.

ಇಡೀ ದೇಶಕ್ಕೆ ಖಾದಿ ಧ್ವಜ ಹೊಲಿದು ಕಳಿಸುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಿಂದ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಬಣ್ಣ, ಅಳತೆ, ಹೊಲಿಗೆ ಎಲ್ಲದಕ್ಕೂ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನಿಯಮ ಇದೆ, ಸ್ವಲ್ಪ ಹೆಚ್ಚುಕಡಿಮೆ ಆದರೂ ಆ ಧ್ವಜ ಹೊರಗೆ ಹೋಗುವುದಿಲ್ಲ. ಅಂಥ ಊರಿನವರು ನಾವು ಗೆರೆ ಎಣಿಸದೆ ಹಾಕಿದರೆ ಹೇಗೆ? ಕೊನೆಗೆ ಹೋದ ವರ್ಷ ನಮ್ಮ ಮಕ್ಕಳೇ ಧ್ವಜ ಹಿಡಿದು ನಿಂತಿದ್ದ ಫೋಟೋ ಹಾಕಿದೆವು. ಅದಕ್ಕೇ ಲೈಕ್ ಜಾಸ್ತಿ ಬಂತು.

ಹಾವೇರಿ ಮೇಷ್ಟ್ರು

ಒಳ್ಳೆ ಕೆಲಸ ಮಾಡಿದಿರಿ. ಎಣಿಸುವುದರಲ್ಲಿ ಚಿತ್ರ ಮಾಡುವ ಎಐಗಳು ಇನ್ನೂ ಎಡವುತ್ತವೆ. ಗಡಿಯಾರ, ಕೈಬೆರಳು, ಚಕ್ರದ ಗೆರೆ, ಬೋರ್ಡಿನ ಮೇಲಿನ ಕನ್ನಡ ಅಕ್ಷರ, ಇವನ್ನು ದೊಡ್ಡದು ಮಾಡಿ ನೋಡಲೇಬೇಕು.

ಚಿಗರಿ ಪ್ರಯಾಣಿಕ

ನಮ್ಮ ಟ್ರಾವೆಲ್ಸ್ ಪೋಸ್ಟಿನಲ್ಲಿ ಪ್ರಪಂಚದ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಗೋರಖ್‌ಪುರದಲ್ಲಿದೆ ಅಂತ ಬರೆದುಕೊಟ್ಟಿತ್ತು. ಹುಬ್ಬಳ್ಳಿಯಲ್ಲೇ ಕೂತು ಹುಬ್ಬಳ್ಳಿಯವರಿಗೆ!

ಹಳೇ ಹುಬ್ಬಳ್ಳಿ

1,507 ಮೀಟರ್ ನಮ್ಮದು. ಗೋರಖ್‌ಪುರದ್ದು 1,366. ನಮ್ಮದು ಉದ್ಘಾಟನೆ ಆಗಿದ್ದು 2023ರ ಮಾರ್ಚಿನಲ್ಲಿ. ಅದಕ್ಕಿಂತ ಮೊದಲಿನ ಬರಹಗಳಲ್ಲೆಲ್ಲ ಗೋರಖ್‌ಪುರ ಅಂತಲೇ ಇದೆ, ಅದಕ್ಕೇ ಹಾಗೆ ಬಂದಿರಬೇಕು.

ರೊಟ್ಟಿ ಒಲೆ

ನಾನು ಎಐ ಪರವಾಗಿ ಒಂದು ಮಾತು ಹೇಳಲೇಬೇಕು. ಮೇಲೆ ಒಬ್ಬರು ಎಐ ಬಿಟ್ಟು ಬರೆಯಿರಿ ಅಂದರು. ಬರೆಯಲು ಬರುವವರಿಗೆ ಅದು ಸುಲಭದ ಮಾತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತೇನೆ. ಜೊತೆಗೆ ನಾಲ್ಕು ಹೆಣ್ಣುಮಕ್ಕಳು ಇದ್ದಾರೆ. ಮೊದಲು ಪೇಜಿಗೆ ಏನು ಹಾಕಬೇಕಾದರೂ ತಂಗಿ ಮಗನನ್ನು ಕಾಯಬೇಕಿತ್ತು. ಅವನಿಗೆ ಪರೀಕ್ಷೆ ಇದ್ದರೆ ನಮ್ಮ ಪೇಜ್ ಬಂದ್. ಈಗ ನಾನು ಫೋನಿಗೆ ಬಾಯಿಂದಲೇ ಹೇಳುತ್ತೇನೆ. "ಇವತ್ತು ಸಜ್ಜಿ ರೊಟ್ಟಿ ಮಾಡೀವಿ, ಎಳ್ಳು ಹಚ್ಚೀವಿ, ಹತ್ತು ರೊಟ್ಟಿ ಪಾಕೀಟು, ನಾಳೆ ಮಧ್ಯಾಹ್ನದವರೆಗೆ ಸಿಗತಾವ." ಅದು ಚೊಕ್ಕ ಮಾಡಿ ಬರೆದುಕೊಡುತ್ತದೆ. ಈ ಪೋಸ್ಟನ್ನೂ ಹಾಗೇ ಬಾಯಿಂದ ಹೇಳಿ ಬರೆಸಿದ್ದು.

ಆದರೆ ನಾನು ಕಣ್ಣಿನಿಂದ ಓದಿ ಒಪ್ಪುವುದಿಲ್ಲ. ಫೋನಿನಿಂದ ಜೋರಾಗಿ ಓದಿಸಿ ಕೇಳುತ್ತೇನೆ. ನಾಲ್ಕೂ ಮಂದಿ ರೊಟ್ಟಿ ಬಡಿಯುತ್ತಲೇ ಕೇಳುತ್ತಾರೆ. ಒಂದು ಸಲ "ನಮ್ಮ ಅಗಸಿ ಚಟ್ನಿ ಸಕ್ಕರೆ ಕಾಯಿಲೆಗೆ ರಾಮಬಾಣ" ಅಂತ ಬಂತು. ನಾನು ಹಾಗೆ ಹೇಳಿಯೇ ಇರಲಿಲ್ಲ! ನಮ್ಮಲ್ಲಿ ಒಬ್ಬಳು ಬಡಿಯುವ ಕೈ ನಿಲ್ಲಿಸಿ, "ಅಕ್ಕಾ, ಇದನ್ನ ಕೇಳಿ ಯಾರರೆ ಗುಳಿಗಿ ಬಿಟ್ಟರ?" ಅಂದಳು. ಅವಳ ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ತಕ್ಷಣ ತೆಗೆಸಿದೆ.

ಸಾಧನಕೇರಿ

ಅಕ್ಕಾರೆ, ನೀವು ಮಾಡುವುದೇ ಸರಿಯಾದ ಪ್ರೂಫ್ ರೀಡಿಂಗ್. ನಾವೂ ಪ್ರೆಸ್ಸಿನಲ್ಲಿ ಒಬ್ಬರು ಜೋರಾಗಿ ಓದುವುದು, ಇನ್ನೊಬ್ಬರು ಮೂಲ ಹಿಡಿದು ನೋಡುವುದು ಮಾಡುತ್ತಿದ್ದೆವು. ಕಣ್ಣು ಜಾರುತ್ತದೆ, ಕಿವಿ ಅಷ್ಟು ಬೇಗ ಜಾರುವುದಿಲ್ಲ.

ಕೋರ್ಟ್ ಸರ್ಕಲ್

ಅಕ್ಕಾರು ಆ ಸಾಲು ತೆಗೆಸಿದ್ದು ಬಹಳ ಒಳ್ಳೆಯದಾಯಿತು. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಅಂತ ಔಷಧದ ಹಾಗೆ ಜಾಹೀರಾತು ಮಾಡುವುದಕ್ಕೆ 1954ರಿಂದಲೇ ಬೇರೆ ಕಾಯ್ದೆ ಅಡ್ಡ ಇದೆ. "ಎಐ ಬರೆದದ್ದು" ಅಂದರೆ ಯಾರೂ ಕೇಳುವುದಿಲ್ಲ. ಪೇಜ್ ಯಾರದೋ ಮಾತೂ ಅವರದೇ.

ವಿದ್ಯಾನಗರ ಹುಡುಗ

ಅಕ್ಕಾ, ನಾನು ಮೊದಲು ಸುಮ್ನೆ ಒಂದು ಸಾಲು ಬರೆದು ಹೋಗಿದ್ದೆ. ನಿಮ್ಮ ಮಾತು ಓದಿದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ರೊಟ್ಟಿ ಧಾರವಾಡಕ್ಕೆ ಕಳಿಸುತ್ತೀರಾ?

ರೊಟ್ಟಿ ಒಲೆ

ಕಳಿಸುತ್ತೇವೆ. ಕಡಕ್ ರೊಟ್ಟಿ ಆದರೆ ಎಲ್ಲಿಗೆ ಬೇಕಾದರೂ.

ಬೆಟಗೇರಿ ಮಗ್ಗ

ನನಗೆ ಭಾಷೆಯದೇ ದೊಡ್ಡ ತಲೆಬಿಸಿ. ಸಾದಾ ಕನ್ನಡದಲ್ಲಿ ಬರಿ ಅಂದರೆ "ಸೊಬಗಿನ ಪಯಣಕ್ಕೆ ಹೆಜ್ಜೆ ಹಾಕಿ", "ಪರಂಪರೆಯ ಸ್ಪರ್ಶವನ್ನು ಅನುಭವಿಸಿ" ಅಂತ ಬರುತ್ತದೆ. ಯಾವ ಗಿರಾಕಿ ಹಾಗೆ ಮಾತಾಡುತ್ತಾನೆ? ನಮ್ಮ ಕಡೆ ಮಾತಿನಲ್ಲಿ ಬರಿ ಅಂದರೆ ಪ್ರತಿ ಸಾಲಿನ ಕೊನೆಗೂ ಒಂದು "ಐತಿ" ಅಂಟಿಸುತ್ತದೆ. "ಸೀರೆಗಳು ಬಂದಾವ ಐತಿ" ಅಂತ ಬಂದಿತ್ತು ಒಮ್ಮೆ. ನಮ್ಮ ಮಾತನ್ನು ಹಾಗೆ ಮುರಿದು ಕೊಡುವುದಕ್ಕಿಂತ ಸಾದಾ ಬರಹವೇ ಸಾಕು.

ನಾನು ಮಾಡಿದ್ದು ಇಷ್ಟು. ನಮ್ಮ ಅಪ್ಪ ಗಿರಾಕಿಗಳ ಜೊತೆ ಮಾತಾಡುವುದನ್ನು ಒಂದು ದಿನ ಪೂರ್ತಿ ಕೇಳಿ ಬರೆದುಕೊಂಡೆ. ಅವರು "ಸೆರಗು" ಅಂತ ಸುಮ್ಮನೆ ಹೇಳುವುದಿಲ್ಲ. "ಟೋಪ ತೆನಿ ಬಿಡಿಸಿ ನೋಡ್ರಿ" ಅಂತಾರೆ. ಅಂಥ ನಲವತ್ತು ಮಾತು ಎಐಗೆ ಕೊಟ್ಟು, "ಇವನ್ನೇ ಬಳಸು, ಹೊಸದು ಸೇರಿಸಬೇಡ" ಅಂದೆ. ಈಗ ಎಷ್ಟೋ ವಾಸಿ. ಆದರೂ ಅಪ್ಪನಿಗೆ ಓದಿ ಹೇಳದೆ ಒಂದೂ ಹೊರಗೆ ಬಿಡುವುದಿಲ್ಲ.

ಕೋಡ್ ಕಲಘಟಗಿ

ನಲವತ್ತು ಮಾತಿನ ಪಟ್ಟಿ ಒಳ್ಳೆ ಉಪಾಯ. ನಾನೂ ಮಾಡುತ್ತೇನೆ.

ಆ ಎರಡು ಗಂಟೆ ನಿಯಮದ ಬಗ್ಗೆ ಯೋಚನೆ ಮಾಡಿದೆ. ಇವತ್ತು ತೆಗೆದೆ. ಉತ್ತರ ಬರದಿದ್ದರೆ ಪೋಸ್ಟ್ ಹೋಗುವುದಿಲ್ಲ, ನನಗೆ ಒಂದು ಮೆಸೇಜ್ ಬರುತ್ತದೆ, ನಾನು ಫೋನ್ ಮಾಡುತ್ತೇನೆ. ಇನ್ನೊಂದು ಬದಲಾವಣೆ: ಮಾಲೀಕರು ಹೇಳದೇ ಇದ್ದ ಯಾವ ವಿಷಯ ಎಐ ಸೇರಿಸಿದರೂ ಅದನ್ನು ಡ್ರಾಫ್ಟಿನ ಕೆಳಗೆ ಬೇರೆಯಾಗಿ ಬರೆದು ತೋರಿಸಬೇಕು ಅಂತ ಹೇಳಿಟ್ಟಿದ್ದೇನೆ. ಬೆಲೆ, ವರ್ಷ, "ಗುರುತು", "ಔಷಧಿ ಗುಣ" ಇಂಥವು. ಅದೂ ಎಲ್ಲವನ್ನೂ ಹಿಡಿಯುವುದಿಲ್ಲ, ಆದರೆ ಇಡೀ ಪೋಸ್ಟ್ ಓದದ ಮಾಲೀಕರು ಆ ಮೂರು ಸಾಲಾದರೂ ಓದುತ್ತಾರೆ.

ಮಳೆ ನೆಲಮಹಡಿ

ಇದು ಬಹಳ ಉಪಯೋಗ ಆಗುತ್ತದೆ. ಒಂದು ಮಾತು ಎಲ್ಲರಿಗೂ: ಗಿರಾಕಿಗಳ ಫೋನ್ ನಂಬರ್, ವಿಳಾಸ, ಮಕ್ಕಳ ಫೋಟೋ ಇರುವ ಆರ್ಡರ್ ಪಟ್ಟಿಯನ್ನು ಹಾಗೇ ಎಐಗೆ ಅಂಟಿಸಬೇಡಿ. ನಮ್ಮಲ್ಲಿ ಒಬ್ಬ ಹುಡುಗ ಮಾಡಿದ್ದ.

ಹುಬ್ಬಳ್ಳಿ ಡಿಟಿಪಿ

ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೇ ಮ್ಯಾಟರ್ ಫೇಸ್‌ಬುಕ್ಕಿಗೆ ಹಾಕಿದರೆ ಅಕ್ಷರ ಎಲ್ಲಾ ಕೆಡುತ್ತಿದೆ. ಎಐ ಸರಿ ಮಾಡಿಕೊಡುತ್ತದಾ?

ಸಾಧನಕೇರಿ

ಎಐಗೆ ಕೊಡಬೇಡಿ, ತಾನೇ ಊಹಿಸಿ ಬರೆದುಬಿಡುತ್ತದೆ. ಅದು ಹಳೇ ಆಸ್ಕಿ ಫಾಂಟ್, ಆ ಫಾಂಟ್ ಇಲ್ಲದ ಕಡೆ ಅಕ್ಷರ ಕೆಡುತ್ತದೆ. ನುಡಿಯ ಕನ್ವರ್ಟರಿನಲ್ಲಿ, ಎಲ್ಲಾ ಕಡೆ ಓದಲು ಬರುವ ಯುನಿಕೋಡಿಗೆ ಬದಲಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಎರಡನ್ನೂ ಕಣ್ಣಿಟ್ಟು ನೋಡಿ.

ಕಸೂತಿ ಕೈ

ಉಣಕಲ್ ದಂಡೆಯವರೇ, ಒಂದು ಕೇಳಬೇಕಿತ್ತು. ನೀವು ಒಪ್ಪಿಗೆ ಕೇಳಿದ್ದು ಅಂಗಡಿ ಮಾಲೀಕರನ್ನು. ಅವರು ಸೀರೆ ಮಾರುವವರು. ಕಸೂತಿ ಹಾಕುವವರನ್ನು ಯಾಕೆ ಕೇಳಲಿಲ್ಲ? ಮಾಲೀಕರು ಮದುವೆಯಲ್ಲಿ ಇಲ್ಲದೆ ಅಂಗಡಿಯಲ್ಲೇ ಕೂತು ಪೂರ್ತಿ ಓದಿದ್ದರೂ ಆ ತಪ್ಪು ಅವರಿಗೆ ಗೊತ್ತಾಗುತ್ತಿತ್ತಾ?

ಉಣಕಲ್ ದಂಡೆ

ಈ ಪ್ರಶ್ನೆ ಓದಿ ಎರಡು ದಿನ ಏನೂ ಬರೆಯಲಿಲ್ಲ. ಇಲ್ಲ ಅಕ್ಕಾ, ಅವರಿಗೂ ಗೊತ್ತಾಗುತ್ತಿರಲಿಲ್ಲ. ನಾನು ದುಡ್ಡು ಕೊಡುವವರ ಒಪ್ಪಿಗೆ ಕೇಳಿದೆ. ವಿಷಯ ಗೊತ್ತಿದ್ದವರನ್ನು ಕೇಳಲೇ ಇಲ್ಲ.

ಹಾವೇರಿ ಮೇಷ್ಟ್ರು

ಪೋಸ್ಟ್ ತೆಗೆದಿರಿ ಅಂದಿರಿ. ತಿದ್ದುಪಡಿ ಹಾಕಿದಿರಾ? ತೆಗೆದರೆ ನೋಡಿದವರ ತಲೆಯಲ್ಲಿ ಆ ಗಂಟು ಹಾಗೇ ಉಳಿಯುತ್ತದೆ.

ಉಣಕಲ್ ದಂಡೆ

ಹಾಕಿರಲಿಲ್ಲ ಸರ್. ಈಗ ಹಾಕಿದ್ದೇವೆ. ಏನೇನು ಆಯಿತು ಅಂತ ಹೇಳುತ್ತೇನೆ.

ಶುಕ್ರವಾರ ಮಾಲೀಕರನ್ನು ಕರೆದುಕೊಂಡು ಆ ಅವ್ವಾರ ಮನೆಗೆ ಹೋದೆ. ಕ್ಷಮೆ ಕೇಳಿದೆವು. ಅವರು ಚಹಾ ಕೊಟ್ಟು, ಕಪ್ಪು ಚಂದ್ರಕಾಳಿ ಸೀರೆಯೊಂದನ್ನು ನನ್ನ ಕೈಯಲ್ಲಿಟ್ಟು "ಯಾವುದು ಮುಂದಿನ ಬದಿ ಹೇಳ್ರಿ" ಅಂದರು. ತಿರುಗಿಸಿ ತಿರುಗಿಸಿ ನೋಡಿದೆ, ಹೇಳಲು ಆಗಲಿಲ್ಲ. ಅಲ್ಲೇ ಫೋನಿನಲ್ಲಿ ಎರಡೂ ಬದಿ ಫೋಟೋ ತೆಗೆದು, ಅವರ ಮಾತನ್ನೇ ರೆಕಾರ್ಡ್ ಮಾಡಿ, "ನಾವು ಮೊದಲು ಬರೆದದ್ದು ತಪ್ಪು" ಅಂತ ಪೋಸ್ಟ್ ಹಾಕಿದೆವು.

ಇನ್ನು ಮುಂದೆ ಕಸೂತಿಯ ಪ್ರತಿ ಪೋಸ್ಟ್ ಮೊದಲು ಅವರಿಗೆ ಹೋಗುತ್ತದೆ. ಓದಿ ಹೇಳಿದ್ದಕ್ಕೆ ಪೋಸ್ಟಿಗೆ 50 ರೂಪಾಯಿ ಕೊಡಬೇಕು ಅಂತ ಮಾಲೀಕರನ್ನು ಒಪ್ಪಿಸಿದ್ದೇನೆ. ನಿನ್ನೆ ನಾಲ್ಕು ಡ್ರಾಫ್ಟ್ ಕಳಿಸಿದೆ. ಎರಡು ವಾಪಸ್ ಬಂದವು. ಒಂದರಲ್ಲಿ ಸೆರಗಿನ ಚಿತ್ತಾರವನ್ನು ಎಐ ಗೋಪುರ ಅಂತ ಬರೆದಿತ್ತು. ಅವರ ವಾಯ್ಸ್ ಮೆಸೇಜ್ ಬಂತು: "ಅದು ಗೋಪುರ ಅಲ್ಲಪಾ, ತುಳಸಿ ಕಟ್ಟಿ. ಮ್ಯಾಲೆ ಎಲಿ ಕಾಣವಲ್ದೇನು?"

ಕಸೂತಿ ಕೈ

ಓದಿ ಬಹಳ ಸಮಾಧಾನ ಆಯಿತು. 50 ಕಡಿಮೆ ಆಯಿತು, 100 ಕೇಳಿ.

ಬ್ಯಾಡಗಿ ಡಬ್ಬಿ

ನಾನೂ ಹಾಗೇ ಅಂತೀನಿ.

ಉಣಕಲ್ ದಂಡೆ

ಸೋಮವಾರ ಮಾಲೀಕರ ಜೊತೆ ಮಾತಾಡುತ್ತೇನೆ.

ರೊಟ್ಟಿ ಒಲೆ

ಆ ತುಳಸಿ ಕಟ್ಟಿ ಸೀರೆ ಇನ್ನೂ ಇದೆಯಾ? ಮಗಳ ಮದುವೆ ಇದೆ.

ಉಣಕಲ್ ದಂಡೆ

ಇದೆ ಅಕ್ಕಾರೆ. ಸಂಜೆ ಅಂಗಡಿಗೆ ಹೋಗಿ ಫೋಟೋ ಕಳಿಸುತ್ತೇನೆ, ಹಿಂದಿನ ಬದಿಯದೂ.